ಬಂಡೆಯಿಂದ ಬಂದ ವಾಯು

ಕನಕಪುರದ ರಸ್ತೆಯಲ್ಲಿ ತಲಘಟ್ಟಪುರದವರೆಗೆ ಹೋಗಿಬಂದವರು ಅದಕ್ಕೆ ಸಮೀಪದ ತುರಹಳ್ಳಿಯ ಗುಡ್ಡವನ್ನು ಬಲ್ಲರು. 2021ರಿಂದ ಮೆಟ್ರೋ ರೈಲು ಆ ಊರನ್ನು ಮುಟ್ಟಿರುವುದರಿಂದ, ನೋಡದವರಿಗೂ ಹೋಗಿಬರುವುದು ಸುಲಭ. ಅಲ್ಲಿಯ ಕುರುಚಲು ಕಾಡಿನ ನಡುವೆ ಬೋಳುಬಂಡೆಗಳು ಎದ್ದು ನಿಂತಿವೆ. ನಮ್ಮ ಲಾಲ್‌ಬಾಗಿನ ಬಂಡೆಯಂತೆ ಇವೂ ಪೆನಿನ್ಸುಲರ್ ನೈಸ್ ಎಂಬ ಶಿಲಾಸಮುದಾಯಕ್ಕೆ ಸೇರಿದವು. ಲಾಲ್‌ಬಾಗಿನ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷವೆಂದು ಹೇಳುತ್ತಾರೆ. ಇಂಥ ಬಂಡೆಗಿಂತ ನಿಶ್ಚಲವಾದ ವಸ್ತು ಬೇರೊಂದಿಲ್ಲವೆಂದು ನಮಗೆ ತೋರುವುದು ಸಹಜ. ಆದರೆ ಅದು ಎಡೆಬಿಡದೆ ಒಂದು ವಾಯುವನ್ನು ಹೆರುತ್ತಿದೆ. ಆ ವಾಯುವೇ ಆರ್ಗಾನ್.

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಆರ್ಗಾನ್ ಇದೆ. ಗಾಳಿಯಿಂದ ತೆಗೆದ ಸಾರಜನಕವು ರಾಸಾಯನಿಕವಾಗಿ ತಯಾರಿಸಿದ ಸಾರಜನಕಕ್ಕಿಂತ ತುಸು ಭಾರವಾಗಿರುವುದೇಕೆಂದು ಹುಡುಕುತ್ತ ಹೋದ ರೇಲೀ ಮತ್ತು ರ‍್ಯಾಮ್ಸೆ ಅವರು 1894ರಲ್ಲಿ ಇದನ್ನು ಕಂಡುಹಿಡಿದರು. ಯಾವುದರೊಡನೆಯೂ ಸುಲಭವಾಗಿ ಕೂಡದ ಕಾರಣ, ಸೋಮಾರಿ ಎಂಬರ್ಥದ ಗ್ರೀಕ್ ಹೆಸರು ಅದಕ್ಕೆ ಬಂದಿತು.

ಆರ್ಗಾನಿನ ಪರಮಾಣುಬೀಜದಲ್ಲಿ 18 ಪ್ರೋಟಾನುಗಳಿವೆ. ನ್ಯೂಟ್ರಾನುಗಳ ಸಂಖ್ಯೆ ಮಾತ್ರ ಬೇರೆಬೇರೆ. ಹೀಗೆ ತೂಕದಲ್ಲಿ ಭೇದವಿರುವ ಒಂದೇ ಧಾತುವಿನ ಪರಮಾಣುಗಳಿಗೆ ಐಸೊಟೋಪುಗಳೆಂದು ಹೆಸರು. ಆರ್ಗಾನಿಗೆ 36, 38, 40 ಎಂಬ ಮೂರು ಸ್ಥಿರ ಐಸೊಟೋಪುಗಳಿವೆ. ಸೂರ್ಯನಲ್ಲಿ 36ನೆಯದೇ ಹೆಚ್ಚು. ನಮ್ಮ ಗಾಳಿಯಲ್ಲಾದರೋ ಸಾವಿರಕ್ಕೆ 996 ಪರಮಾಣುಗಳು 40ನೆಯವು! ಈ ವಿಪರೀತಕ್ಕೆ ಕಾರಣವೇನು?

1937ರಲ್ಲಿ ವೈಟ್ಸ್ಯಾಕರ್ ಎಂಬ ಜರ್ಮನ್ ವಿದ್ವಾಂಸರು, ಇದು ಪೊಟ್ಯಾಸಿಯಂನಿಂದ ಹುಟ್ಟಿರಬೇಕೆಂದು ಊಹಿಸಿದರು. 1948ರಲ್ಲಿ ಆಲ್ಡ್ರಿಚ್ ಮತ್ತು ನೀಯರ್ ಅವರು ಪೊಟ್ಯಾಸಿಯಂ ಉಳ್ಳ ಹಳೆಯ ಖನಿಜಗಳಲ್ಲಿ ಆರ್ಗಾನ್ 40ನ್ನು ತೋರಿಸಿ ಆ ಊಹೆಯನ್ನು ನಿಜಮಾಡಿದರು. ಪೊಟ್ಯಾಸಿಯಂನ ಹತ್ತು ಸಾವಿರ ಪರಮಾಣುಗಳಲ್ಲಿ ಸುಮಾರು ಒಂದು, 40 ತೂಕದ ವಿಕಿರಣಶೀಲ ಪರಮಾಣು. ಅದರ ಅರ್ಧಾಯು 125 ಕೋಟಿ ವರ್ಷ. ಹಾಗೆ ಅಳಿಯುವ ನೂರರಲ್ಲಿ ಸುಮಾರು 89 ಎಲೆಕ್ಟ್ರಾನನ್ನು ಹೊರಚೆಲ್ಲಿ ಕ್ಯಾಲ್ಸಿಯಂ ಆಗುತ್ತವೆ. ಉಳಿದ 11, ಸುತ್ತುತ್ತಿರುವ ಎಲೆಕ್ಟ್ರಾನೊಂದನ್ನು ಒಳಗೆ ಸೆಳೆದುಕೊಂಡು ಆರ್ಗಾನ್ ಆಗುತ್ತವೆ. ಒಂದು ಕಿಲೋಗ್ರಾಂ ಕಲ್ಲಿನಲ್ಲಿ 30 ಗ್ರಾಂ ಪೊಟ್ಯಾಸಿಯಂ ಇದ್ದರೆ, ಅದರಲ್ಲಿ ಸೆಕೆಂಡಿಗೆ ಸುಮಾರು ನೂರು ಆರ್ಗಾನ್ ಪರಮಾಣುಗಳು ಹುಟ್ಟುತ್ತವೆ. ಬಾಳೆಹಣ್ಣು, ಎಳನೀರುಗಳಿಂದ ನಮ್ಮ ದೇಹಕ್ಕೂ ಪೊಟ್ಯಾಸಿಯಂ ಬರುವುದರಿಂದ, ಈ ಕಾರ್ಯ ನಮ್ಮೊಳಗೂ ನಡೆದಿದೆ.

ಅಸ್ಥಿರ ಐಸೊಟೋಪುಗಳೂ ಉಂಟು. ವಿಶ್ವಕಿರಣಗಳು ಗಾಳಿಯಲ್ಲಿ ಹುಟ್ಟಿಸುವ 39ರ ಅರ್ಧಾಯು ಸುಮಾರು 268 ವರ್ಷ. ಸಮುದ್ರದ ಆಳದ ನೀರು ಗಾಳಿಯನ್ನು ಬಿಟ್ಟು ಎಷ್ಟು ಕಾಲವಾಯಿತೆಂದು ಇದರಿಂದ ತಿಳಿಯುತ್ತಾರೆ. ಭೂಗರ್ಭದಲ್ಲಿ ಅಣುಬಾಂಬು ಸಿಡಿದರೆ ಮಣ್ಣಿನ ಕ್ಯಾಲ್ಸಿಯಂನಿಂದ 37 ಹುಟ್ಟುತ್ತದೆ. 35 ದಿನಗಳ ಅರ್ಧಾಯುವಿನ ಇದು ಗುಟ್ಟನ್ನು ಬಯಲುಮಾಡುವ ಸಾಕ್ಷಿ.

ಕಲ್ಲಿನಲ್ಲಿ ಕೂಡಿಟ್ಟ ಆರ್ಗಾನನ್ನು ಅಳೆದು ಅದರ ವಯಸ್ಸನ್ನು ಹೇಳಬಹುದು. ಆದರೆ ಇಲ್ಲಿ ಎಚ್ಚರಿಕೆ ಅಗತ್ಯ. ಕಲ್ಲು ಮತ್ತೆ ಕಾದರೆ ಈ ವಾಯು ಪಾರಾಗುತ್ತದೆ. ಗಡಿಯಾರ ಹೊಸದಾಗಿ ನಡೆಯತೊಡಗುತ್ತದೆ. ನಮ್ಮ ನೈಸ್ ಶಿಲೆ ಹುಟ್ಟಿದ ಮೇಲೆಯೂ ಬೆಂದಿದೆ. ರಾಮನಗರದ ಗ್ರಾನೈಟು ಸುಮಾರು 250 ಕೋಟಿ ವರ್ಷಗಳ ಹಿಂದೆ ಕರಗಿದ ರೂಪದಲ್ಲಿ ಅದರ ನಡುವೆ ನುಗ್ಗಿತು. ಆದುದರಿಂದ ಅದರ ಜನ್ಮಕಾಲಕ್ಕೆ ಜಿರ್ಕಾನ್ ಹರಳಿನ ಯುರೇನಿಯಂ ಮತ್ತು ಸೀಸಗಳ ಲೆಕ್ಕವನ್ನೇ ನಂಬುತ್ತಾರೆ. ಆರ್ಗಾನ್ ಹೇಳುವುದು ಹುಟ್ಟಿದ ದಿನವನ್ನಲ್ಲ, ಕಡೆಯ ಬಾರಿ ತಣಿದ ದಿನವನ್ನು. ಇದೂ ಬೆಲೆಯುಳ್ಳ ಸಾಕ್ಷ್ಯವೇ.

ಆದರೆ ಬಂಡೆ ತನ್ನ ನೆಲೆಯಲ್ಲಿದ್ದರೆ ಮಾತ್ರ ಸಾಕ್ಷ್ಯಕ್ಕೆ ಪೂರ್ಣ ಅರ್ಥ. ಯಾವ ಪದರದ ಪಕ್ಕದಲ್ಲಿತ್ತು, ಯಾವುದು ಯಾವುದನ್ನು ಸೀಳಿತು ಎಂಬುದು ಜಲ್ಲಿಯ ರಾಶಿಯಿಂದ ತಿಳಿಯದು. ನಗರ ಬೆಳೆಯುವುದಕ್ಕೆ ಕಲ್ಲು ಬೇಕು, ನಿಜ. ಆದರೂ ನಮ್ಮ ಉಸಿರಿನಲ್ಲಿ ಪಾಲುಳ್ಳ ಕುಲದ ಕೆಲವು ಬಂಡೆಗಳನ್ನಾದರೂ ಇದ್ದಲ್ಲೇ ಇರಗೊಡುವುದು ನಮಗೆ ಅಸಾಧ್ಯವಾದ ಕೆಲಸವಲ್ಲ.