‘ಕ್ಯಾಂಟನ್’: ಕಂಟೋನ್ಮೆಂಟ್ ಹೆಸರಲ್ಲಿ ಅಡಗಿ ಕೂತ ಕ್ರಿಯಾಪದ

ಇವತ್ತು ಒಂದೇ ಒಂದು ಇಂಗ್ಲಿಷ್ ಕ್ರಿಯಾಪದದ ಬಗ್ಗೆ ಮಾತಾಡೋಣ. ಪದ ಅಪರೂಪದ್ದು, ಆದರೆ ಅದರಿಂದ ಹುಟ್ಟಿದ ಹೆಸರನ್ನ ಬೆಂಗಳೂರಿನವರು ದಿನಾ ಹೇಳ್ತೀವಿ. ಪದ ‘ಕ್ಯಾಂಟನ್’. ಸೈನ್ಯದ ಅರ್ಥದಲ್ಲಿ ಬಂದಾಗ ‘ಕನ್‌ಟೂನ್’ ಅಂತಲೂ ಉಚ್ಚಾರ ಮಾಡ್ತಾರೆ. ಅರ್ಥ: ಸೈನಿಕರಿಗೆ ಒಂದು ಜಾಗ ಗೊತ್ತುಮಾಡಿ ಅಲ್ಲಿ ಇರಿಸುವುದು. ಹಾಗೆ ಇರಿಸಿದ ಜಾಗವೇ ಕಂಟೋನ್ಮೆಂಟ್.

ಮೂಲ ಎಲ್ಲಿ ಅಂತ ಹಿಂದಕ್ಕೆ ಹೋದರೆ ಫ್ರೆಂಚ್, ಅದರ ಹಿಂದೆ ಇಟಾಲಿಯನ್. ಅಲ್ಲಿ ‘ಕ್ಯಾಂಟೋ’ ಅಂದ್ರೆ ಮೂಲೆ. ಇನ್ನೂ ಹಿಂದೆ ಲ್ಯಾಟಿನ್‌ನ ‘ಕ್ಯಾಂಥಸ್’: ಗಾಡಿ ಚಕ್ರದ ಸುತ್ತ ಬಿಗಿಯುವ ಕಬ್ಬಿಣದ ಪಟ್ಟಿ. ಚಕ್ರದ ಪಟ್ಟಿಯಿಂದ ಅಂಚು, ಅಂಚಿನಿಂದ ಮೂಲೆ, ಮೂಲೆಯಿಂದ ನಾಡಿನ ಒಂದು ಭಾಗ. ಸ್ವಿಟ್ಜರ್ಲೆಂಡಿನ 26 ಕ್ಯಾಂಟನ್‌ಗಳು ಇದೇ ಪದ. ಚೀನಾದ ಕ್ಯಾಂಟನ್ ನಗರ ಮಾತ್ರ ಬೇರೆ. ಅದು ಗ್ವಾಂಗ್‌ಡಾಂಗ್ ಅನ್ನೋ ಹೆಸರು ಯುರೋಪಿನವರ ಬಾಯಲ್ಲಿ ಬದಲಾದದ್ದು.

ಇಲ್ಲೊಂದು ತಮಾಷೆ ಇದೆ. ಮೊದಲ ಶತಮಾನದ ರೋಮನ್ ಮೇಷ್ಟ್ರು ಕ್ವಿಂಟಿಲಿಯನ್, ‘ಕ್ಯಾಂಥಸ್’ ಲ್ಯಾಟಿನ್ನೇ ಅಲ್ಲ, ಆಫ್ರಿಕಾದ್ದೋ ಸ್ಪೇನಿನದೋ ಪರದೇಶಿ ಮಾತು ಅಂತ ಬರೆದಿದ್ದಾನೆ. ಅಂದರೆ ಈ ಪದ ಲ್ಯಾಟಿನ್‌ಗೂ ವಲಸೆ ಬಂದದ್ದೇ.

ಈಗ ನಮ್ಮೂರಿಗೆ ಬರೋಣ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಬ್ರಿಟಿಷ್ ಸೈನ್ಯ ಶ್ರೀರಂಗಪಟ್ಟಣದಲ್ಲಿತ್ತು. ಅಲ್ಲಿ ಜ್ವರದ ಕಾಟ. 1809ರಲ್ಲಿ ಸೈನ್ಯವನ್ನ ಹಲಸೂರಿನ ಹತ್ತಿರಕ್ಕೆ ತಂದು ಇರಿಸಿದರು. ಪೇಟೆಯ ಜನ ಅದನ್ನ ಕರೆದದ್ದು ‘ದಂಡು’ ಅಂತ. ರೈಲು ನಿಲ್ದಾಣ ಈಗಲೂ ‘ಬೆಂಗಳೂರು ದಂಡು’. ಶಿವಾಜಿನಗರದಲ್ಲಿ ದಂಡು ಮಾರಿಯಮ್ಮನ ಗುಡಿ ಇದೆ. ಹಿಂದಿಯಲ್ಲಿ ಇದನ್ನೇ ‘ಛಾವನಿ’ ಅಂತಾರೆ. ನಮ್ಮ ಮನೆ ಮೇಲಿನ ಛಾವಣಿಯೂ ಅದೇ ಪದ, ಎರಡಕ್ಕೂ ಮೂಲ ಹೊದಿಸುವುದು, ಮುಚ್ಚುವುದು.

ಜಾಗ ಒಂದೇ, ಆದರೆ ಕನ್ನಡಕ್ಕೆ ಅಲ್ಲಿ ಕಂಡದ್ದು ಜನ, ಹಿಂದಿಗೆ ಕಂಡದ್ದು ಸೂರು, ಇಂಗ್ಲಿಷ್‌ಗೆ ಕಂಡದ್ದು ಪಾಲು ಮಾಡಿದ ನೆಲ. ವ್ಯಾಕರಣವೂ ನೋಡಿ. ಕನ್ನಡದಲ್ಲಿ ‘ದಂಡು ಬೀಡುಬಿಟ್ಟಿತು’ ಅಂತೀವಿ, ಕೆಲಸ ಮಾಡಿದ್ದು ದಂಡೇ. ‘ಕ್ಯಾಂಟನ್’ ಹಾಗಲ್ಲ. ಸಾಮಾನ್ಯವಾಗಿ ಯಾರೋ ಮೇಲಿನವರು ಇನ್ಯಾರನ್ನೋ ಒಂದು ಕಡೆ ಇರಿಸ್ತಾರೆ. ಅದು ಅಧಿಕಾರದ ಕ್ರಿಯಾಪದ.

ಯುರೋಪಿನಲ್ಲಿ ಕಂಟೋನ್ಮೆಂಟ್ ಅಂದ್ರೆ ಸೈನ್ಯ ಸ್ವಲ್ಪ ಕಾಲ ತಂಗುವ ಜಾಗ. ಭಾರತದಲ್ಲಿ ಅದು ಊರೇ ಆಗಿಬಿಟ್ಟಿತು. 1864ರಲ್ಲಿ ಜೋಲಾರ್‌ಪೇಟೆಯಿಂದ ಮೊದಲ ರೈಲು ಬಂದಾಗ ಪೇಟೆಗೆ ಬರಲಿಲ್ಲ, ದಂಡಿಗೆ ಬಂತು. ಇವತ್ತು ಕೆ.ಆರ್. ಪುರದ ಮೇಲೆ ಹಾದುಬರುವ ದಾರಿ ಅದೇ. 1881ರಲ್ಲಿ ಮೈಸೂರು ರಾಜ್ಯವನ್ನ ಒಡೆಯರಿಗೆ ವಾಪಸ್ ಕೊಟ್ಟಾಗಲೂ ದಂಡು ಮಾತ್ರ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಅನ್ನೋ ಹೆಸರಲ್ಲಿ ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. ಮೈಸೂರಿಗೆ ಅದು ಮರಳಿ ಸಿಕ್ಕಿದ್ದು 1947ರ ಜುಲೈನಲ್ಲಿ. ಎರಡೂ ಕಡೆ ಸೇರಿ ಒಂದೇ ನಗರಪಾಲಿಕೆ ಆದದ್ದು 1949ರಲ್ಲಿ.

ಇಷ್ಟೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ‘ಆ ಕಡೆಯವರು ನಮ್ಮವರಲ್ಲ’ ಅನ್ನೋ ಮಾತನ್ನ ನಾನು ಈಗಲೂ ಕೇಳ್ತೀನಿ. ‘ಶಿವಾಜಿನಗರದಲ್ಲಿ ಕನ್ನಡ ಎಲ್ಲಿದೆ?’ ಅಂತ ಒಬ್ಬರು, ‘ಪೇಟೆ ಕಡೆ ನಾವು ಹೋಗೋದೇ ಇಲ್ಲ’ ಅಂತ ಇನ್ನೊಬ್ಬರು. ಸೈನ್ಯದ ಹಿಂದೆ ಕೂಲಿಯವರು, ಅಡುಗೆಯವರು, ದರ್ಜಿಗಳು, ವ್ಯಾಪಾರಿಗಳು ಬಂದರು. ತಮಿಳು, ತೆಲುಗು, ದಖನಿ ಉರ್ದು ಮಾತಾಡುವವರು. ಅವರು ಹೊಟ್ಟೆಪಾಡಿಗೆ ಬಂದವರು, ಊರು ಒಡೆಯೋಕೆ ಬಂದವರಲ್ಲ. ಗೆರೆ ಎಳೆದು ಎರಡು ಆಡಳಿತ ಮಾಡಿದ್ದು ಸರ್ಕಾರ. ಆ ಗೆರೆ ಕಾಗದದ ಮೇಲೆ ಅಳಿಸಿ ಹೋಗಿ ಎಪ್ಪತ್ತು ವರ್ಷದ ಮೇಲಾಯ್ತು, ನಮ್ಮ ಮಾತಿನಲ್ಲಿ ಇನ್ನೂ ಉಳಿದಿದೆ.

ಹಲಸೂರಿನಲ್ಲಿ ಮದ್ರಾಸ್ ಸ್ಯಾಪರ್ಸ್ ಕೇಂದ್ರ ಈಗಲೂ ಇದೆ ನಿಜ. ಆದರೆ ಸುತ್ತ ಇರೋದು ಮನೆ, ಅಂಗಡಿ, ಮೆಟ್ರೋ. ಕಂಟೋನ್ಮೆಂಟ್ ಬೋರ್ಡ್ ನೋಡಬೇಕಂದ್ರೆ ಬೆಳಗಾವಿಗೆ ಹೋಗಬೇಕು.

ಹಾಗಾಗಿ ನನ್ನ ಮಾತು ಇಷ್ಟೇ. ಹೆಸರು ಇರಲಿ, ಕ್ರಿಯಾಪದ ಬೇಡ. ಯಾರನ್ನೂ ಮೂಲೆಗೆ ಸೇರಿಸಬೇಡಿ. ಪಕ್ಕದವರಿಗೆ ಕನ್ನಡ ಬರದಿದ್ರೆ ನಾಲ್ಕು ಮಾತು ಕಲಿಸಿ, ಅವರ ಮಾತು ಎರಡು ಕಲೀರಿ.

ನಿಮ್ಮ ಏರಿಯಾ ಹೆಸರಲ್ಲೂ ಇಂಥ ಪದ ಇದ್ರೆ ಬರೆದು ಕಳಿಸಿ. ಮುಂದಿನ ವಾರ ಸಿಗೋಣ.