ಕುಂತ ಮೈಯನ್ನು ಎಬ್ಬಿಸೋಣ

(ಸಂಘದ ವಾರ್ಷಿಕೋತ್ಸವದಲ್ಲಿ ಬಿ.ಎ. ವಿದ್ಯಾರ್ಥಿನಿಯೊಬ್ಬಳು ಮಾಡಿದ ಭಾಷಣ)



ಪ್ರತಿ ವರ್ಷ ಇಲ್ಲಿ ಶಿಕ್ಷಣ, ನೌಕರಿ, ಸಂವಿಧಾನದ ಬಗ್ಗೆ ಮಾತು ಆಗ್ತಾವ. ಈ ಸಲ ನಾನು ಮೈ ಬಗ್ಗೆ ಮಾತಾಡ್ತೀನಿ. ನಗಬ್ಯಾಡ್ರಿ. ಹೋದ ವರ್ಷ ಇದೇ ಕಾರ್ಯಕ್ರಮಕ್ಕೆ ಕುರ್ಚಿ ಹಾಕಲಿಕ್ಕೆ ಬಂದಿದ್ದೆ. ನಾಲ್ಕು ಕುರ್ಚಿ ಒಯ್ಯೋದ್ರಾಗ ತೇಕು ಹತ್ತಿ ಕುಂತುಬಿಟ್ಟೆ. ಆಗ ನನಗ 21 ವರ್ಷ. ಅರವತ್ತು ದಾಟಿದ ನಮ್ಮಜ್ಜಿ ಬಂದು ನನ್ನ ಕೈಯಾಗಿನ ಕುರ್ಚಿ ಇಸಗೊಂಡು ಹೋದಳು. ಅವತ್ತು ರಾತ್ರಿ ನನಗ ನಿದ್ದೆ ಬರಲಿಲ್ಲ.

ಹತ್ತನೆತ್ತೆವರೆಗೆ ನಾನು ಖೋ-ಖೋ ಆಡಾಕಿ. ತೂಕ 54 ಕೆಜಿ. ಆಮೇಲೆ "ದೊಡ್ಡಾಕಿ ಆದಿ, ಆಟ ಸಾಕು" ಅಂದ್ರು. 2020ರಲ್ಲಿ ಲಾಕ್‌ಡೌನ್ ಬಂತು. ಕೈಗೆ ಮೊಬೈಲ್ ಬಂತು. ಕಾಲೇಜು, ಬಸ್ಸು, ಪುಸ್ತಕ, ಹಾಸಿಗೆ. ಐದು ವರ್ಷ ಹೀಗೇ ಕುಂತೆ. ತೂಕ 79 ಆಯ್ತು. ನೋಡಿದವರು "ಮೈ ತುಂಬ್ಯಾಳ, ಸುಖದಾಗ ಇದ್ದಾಳ" ಅಂತಿದ್ರು.

ಇದರಲ್ಲಿ ಅವ್ವನ ತಪ್ಪಿಲ್ಲ. ಅಜ್ಜಿ, ಮುತ್ತಜ್ಜಿ ಬೇರೆಯವರ ಕಬ್ಬಿನ ಹೊಲದಾಗ ಬಗ್ಗಿ ಬಗ್ಗಿ ಬೆನ್ನು ಸವೆಸಿದವರು. "ನಾವು ದುಡದಿದ್ದು ಸಾಕು, ನೀ ಕುಂತು ಓದು" ಅಂತ ಅವ್ವ ನನಗ ಕೊಡ ಸಹಿತ ಎತ್ತಗೊಡಲಿಲ್ಲ. ಕುಂತು ಓದೋದು ನಮ್ಮ ಮನೆತನದಾಗ ನನಗೇ ಮೊದಲು ಸಿಕ್ಕಿದ್ದು. ಆದ್ರ ಮೈಗೆ ಈ ಇತಿಹಾಸ ಗೊತ್ತಿಲ್ಲ. ಅದು ಕುಂತಷ್ಟೂ ಸೊರಗ್ತದ, ತಿಂದಷ್ಟೂ ಕೂಡಿಡ್ತದ.

ಅಪ್ಪನಿಗೆ ಸಕ್ಕರೆ ಕಾಯಿಲೆ. ಗಾಯ ಮಾಯದೇ ಕಾಲಿನ ಒಂದು ಬೆರಳು ತೆಗೆದ್ರು. ಆ ನೆಪದಾಗ ನನ್ನದೂ ರಕ್ತ ತಪಾಸಣೆ ಆಯ್ತು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ಪರೀಕ್ಷೆಯಲ್ಲಿ 6.1 ಬಂತು. 5.7ರಿಂದ 6.4ರವರೆಗೆ ಇದ್ರ ಕಾಯಿಲೆ ಹೊಸ್ತಿಲ ಮೇಲೆ ನಿಂತದ ಅಂತ ಅರ್ಥ. ಡಾಕ್ಟರು ತಿಳಿಸಿ ಹೇಳಿದ್ರು: ಊಟ ಆದ ಮೇಲೆ ರಕ್ತಕ್ಕೆ ಬರೋ ಸಕ್ಕರೆಯ ದೊಡ್ಡ ಪಾಲು ಎಳಕೊಳ್ಳೋದು ನಮ್ಮ ಸ್ನಾಯು, ಅಂದ್ರ ಮಾಂಸಖಂಡ. ದುಡಿಯೋ ಸ್ನಾಯು ಹೆಚ್ಚು ಎಳೀತದ, ಕುಂತ ಸ್ನಾಯು ಕಡಿಮೆ. ಹಂಗಾಗಿ ತೂಕ ಇಳಿಸೋದಷ್ಟೇ ಸಾಲದು, ಕಸುವೂ ತಿರುಗಿ ಬರಬೇಕು.

ನಾನು ಮೊದಲು ಮಾಡಿದ್ದು ದೊಡ್ಡ ತಪ್ಪು. ಊಟ ಬಿಟ್ಟೆ. ಎರಡು ವಾರ ಸೌತೆಕಾಯಿ, ಚಹಾದ ಮೇಲೆ ಇದ್ದೆ. 3 ಕೆಜಿ ಇಳೀತು, ಕಾಲೇಜಿನ ಮೆಟ್ಟಿಲ ಮೇಲೆ ಕಣ್ಣು ಕತ್ತಲಿಟ್ಟು ಕುಂತೆ. ಊಟ ಶುರು ಮಾಡಿದ ಕೂಡಲೇ ಆ 3 ಕೆಜಿ ತಿರುಗಿ ಬಂತು. ಉಪವಾಸ ಬಿದ್ರ ಕೊಬ್ಬಿನ ಜೊತೆ ಸ್ನಾಯುವೂ ಕರಗ್ತದ.

ಆಗ ವಿಹಾರದಾಗ ಕೇಳಿದ ಒಂದು ಕಥೆ ನೆನಪಾಯ್ತು. ಸಂಯುತ್ತ ನಿಕಾಯದಾಗ ಅದ. ಕೋಸಲದ ರಾಜ ಪಸೇನದಿ ಬುಟ್ಟಿಗಟ್ಟಲೆ ಅನ್ನ ಉಂಡು, ಏದುಸಿರು ಬಿಡ್ತಾ ಭಗವಾನ್ ಬುದ್ಧರ ಹತ್ತಿರ ಬರ್ತಾನ. ಬುದ್ಧರು ಅವನಿಗೆ ಉಪವಾಸ ಮಾಡು ಅನ್ನಲಿಲ್ಲ, ಹೀಯಾಳಿಸಲಿಲ್ಲ. ಉಣ್ಣೋವಾಗ ಎಚ್ಚರ ಇರಲಿ, ಅಳತೆ ಗೊತ್ತಿರಲಿ ಅಂದ್ರು. ಸುದಸ್ಸನ ಅನ್ನೋ ಹುಡುಗ ಆ ಮಾತು ಬಾಯಿಪಾಠ ಮಾಡಿ, ರಾಜ ಉಣ್ಣಲಿಕ್ಕೆ ಕುಂತಾಗೊಮ್ಮೆ ಹೇಳ್ತಿದ್ದ. ರಾಜ ಸಾವಕಾಶ ಕಡಿಮೆ ಮಾಡ್ತಾ ಬಂದು ಕಡೆಗೆ ಒಂದು ಅಳತೆ ಅನ್ನಕ್ಕೆ ನಿಂತ. ಮೈ ಹಗುರಾಯ್ತು. ಇದರಾಗ ಎರಡು ಪಾಠ ಅದಾವ: ಒಮ್ಮೆಲೇ ಬ್ಯಾಡ, ಒಬ್ಬರೇ ಬ್ಯಾಡ. ನನಗ ಸುದಸ್ಸನ ಆದಾಕಿ ನನ್ನ ತಂಗಿ.

ಮೊದಲು ಚಹಾ. ದಿನಕ್ಕ ಐದು ಕಪ್, ಕಪ್ಪಿಗೆ ಎರಡು ಚಮಚ ಸಕ್ಕರೆ. ಒಂದು ಟೀ ಚಮಚ ಅಂದ್ರ ಸುಮಾರು 5 ಗ್ರಾಂ, ಅಲ್ಲಿಗೆ 50 ಗ್ರಾಂ ಆಯ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2024ರಲ್ಲಿ ಹೇಳಿದ್ದು ದಿನಕ್ಕೆ 20-25 ಗ್ರಾಂ ಸಾಕು ಅಂತ. ನಾನು ಎರಡು ಕಪ್ಪಿಗೆ, ಒಂದೊಂದು ಚಮಚಕ್ಕೆ ಬಂದೆ. ಎರಡನೇ ಸಲ ಅನ್ನ ಬಡಿಸಿಕೊಳ್ಳೋದು ಬಿಟ್ಟೆ. ಸಂಜೀ ವಡಾಪಾವ್ ವಾರಕ್ಕೊಮ್ಮೆ ಆಯ್ತು. ರೊಟ್ಟಿ ಬಿಡಲಿಲ್ಲ, ಪಲ್ಯ ಹೆಚ್ಚು ಮಾಡಿದೆ. ಮೊಳಕೆ ಮಡಕಿ ಕಾಳು, ಬೇಳೆ, ಝುಣಕ, ತತ್ತಿ ದಿನಾ ಏನಾರ ಒಂದು ತಾಟಿನಾಗ ಇರ್ತದ. ಸ್ನಾಯು ಕಟ್ಟಲಿಕ್ಕೆ ಪ್ರೋಟೀನ್ ಬೇಕು. 60 ಕೆಜಿ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ. ಒಂದು ತತ್ತಿಯಲ್ಲಿ ಸುಮಾರು 6 ಗ್ರಾಂ ಇರ್ತದ. ಸಾವಿರಾರು ರೂಪಾಯಿ ಡಬ್ಬಿ ಪುಡಿ ನಮಗ ಬ್ಯಾಡ.

ಆಮೇಲೆ ನಡಿಗೆ. ಮೊದಲ ವಾರ ಹತ್ತೇ ನಿಮಿಷ. ಮುಂಜಾನೆ ಸ್ಟೇಷನ್ ರಸ್ತೆಗೆ ಹೋದ್ರ "ನಮ್ಮ ರೋಡ್ ತಗ್ಗು ಬಿದ್ದೀತು" ಅಂದವರಿದ್ರು. ಎರಡು ದಿನ ಅತ್ತು ಮನೆಯಾಗ ಕುಂತೆ. ಮೂರನೇ ದಿನ ಅವ್ವ ಸೀರೆ ಸೆರಗು ಸಿಗಿಸಿ "ನಡೀ, ನಾ ಬರ್ತೀನಿ, ಯಾರು ಅಂತಾರೋ ನೋಡೂಣು" ಅಂದಳು. ಮುಂದ ಓಣಿಯ ಮೂವರು ಕಾಕುಗಳು ಕೂಡಿಕೊಂಡ್ರು. ಈಗ ನಾವು ಏಳು ಮಂದಿ. ಏಳು ಮಂದಿ ಹೊಂಟ್ರ ಯಾರೂ ಏನೂ ಅನ್ನಂಗಿಲ್ಲ.

ಕೊನೆಗೆ ಕಸುವಿನ ಕೆಲಸ. ನಮ್ಮದು ಪೈಲ್ವಾನರ ಜಿಲ್ಲೆ. ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ್ ಮೈದಾನ 1912ರಿಂದ ಕೊಲ್ಹಾಪುರದಾಗ ಅದ. ಆದ್ರ ತಾಲೀಮಿಗೆ ಹೋಗಲಿಕ್ಕೆ ನನಗ ಧೈರ್ಯ ಇರಲಿಲ್ಲ. ಮನೆಯಾಗೇ ಶುರು ಮಾಡಿದೆ. ಕುರ್ಚಿ ಮೇಲೆ ಕುಂತು, ಕೈ ಊರದೇ ಏಳೋದು, ಹತ್ತು ಸಲ. ಗೋಡೆಗೆ ಕೈ ಕೊಟ್ಟು ದಂಡ, ಎಂಟು ಸಲ. ವಾರಕ್ಕೆ ಮೂರು ದಿನ. ಪ್ರತಿ ವಾರ ಒಂದೋ ಎರಡೋ ಹೆಚ್ಚು. ಮೂರನೇ ತಿಂಗಳಿಗೆ ಕುರ್ಚಿ ಬಿಟ್ಟು ಬಸ್ಕಿಗೆ ಬಂದೆ. ಅವ್ವನ ಕೈಯಿಂದ ಕೊಡ ಇಸಗೊಂಡೆ. ಹತ್ತು ಲೀಟರಿನ ಕೊಡ ತುಂಬಿದ್ರ ನೀರೇ 10 ಕೆಜಿ, ಪುಕ್ಕಟೆ ಡಂಬೆಲ್ಸ್. ವಿಶ್ವ ಆರೋಗ್ಯ ಸಂಸ್ಥೆ ಹೇಳೋದೂ ಇಷ್ಟೇ: ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆ, ಎರಡು ದಿನ ಸ್ನಾಯುವಿನ ಕೆಲಸ.

ಎಂಟು ತಿಂಗಳಿಗೆ 79ರಿಂದ 68ಕ್ಕೆ ಬಂದೀನಿ. ನಡುವ ಪರೀಕ್ಷೆ ಬಂದಾಗ ಎರಡು ಕೆಜಿ ಏರಿತ್ತು, ಒಂದು ತಿಂಗಳಂತೂ ಕಾಟಾ ಅಲುಗಾಡಲೇ ಇಲ್ಲ. ಬಿಡಲಿಲ್ಲ. ರಕ್ತದ ಸಕ್ಕರೆ 5.6ಕ್ಕೆ ಇಳಿದದ. ಪೊಲೀಸ್ ಭರ್ತಿಯಲ್ಲಿ ಹೆಣ್ಣುಮಕ್ಕಳು 800 ಮೀಟರ್ ಓಡಬೇಕು. ಮೊದಲು ಅದರ ಕಾಲುಭಾಗಕ್ಕೇ ನಿಂತುಬಿಡ್ತಿದ್ದೆ. ಈಗ ನಿಲ್ಲದೇ ಮುಗಿಸ್ತೀನಿ. ಮಾರ್ಕ್ಸ್ ಬೀಳೋವಷ್ಟು ವೇಗ ಇನ್ನೂ ಇಲ್ಲ, ಬರ್ತದ. ಈ ವರ್ಷ ಈ ಮಂಟಪದ ಕುರ್ಚಿ ನಾನೇ ಹಾಕೀನಿ. ಅಜ್ಜಿ ಮುಂದಿನ ಸಾಲಿನಾಗ ಕುಂತಾಳ, ಕೇಳ್ರಿ ಬೇಕಾದ್ರ.

ಒಂದು ಮಾತು ಮರೀಬ್ಯಾಡ್ರಿ. ಸಕ್ಕರೆ, ಬಿಪಿ ಇದ್ದವರು, ನಡೆದ್ರ ಎದೆನೋವು ಬರೋರು ಮೊದಲು ಡಾಕ್ಟರನ್ನ ಕೇಳ್ರಿ. ನನ್ನ ಮಾತು ಕೇಳಿ ಗುಳಿಗೆ ಬಿಡಬ್ಯಾಡ್ರಿ. ವಾರಕ್ಕೆ ಅರ್ಧ ಕೆಜಿ ಇಳಿದ್ರೂ ಭಾಳ ಆಯ್ತು.

ನಮ್ಮ ತಾಲೂಕಿನ ಮಾಣಗಾಂವದಾಗ 1920ರ ಮಾರ್ಚ್ 21, 22ರಂದು ಪರಿಷತ್ತು ನಡೀತು. ನಿಮಗ ನಿಮ್ಮ ನಾಯಕ ಸಿಕ್ಕಾನ ಅಂತ ಶಾಹು ಮಹಾರಾಜರು ಬಾಬಾಸಾಹೇಬರನ್ನ ತೋರಿಸಿ ಹೇಳಿದ್ದು ಅಲ್ಲೇ. ಎರಡು ವರ್ಷಕ್ಕೆ, 47ನೇ ವಯಸ್ಸಿಗೆ ಮಹಾರಾಜರು ಹೋದ್ರು. ಸಕ್ಕರೆ ಕಾಯಿಲೆಯಿಂದ ವರ್ಷಗಟ್ಟಲೆ ಬಳಲಿದ ಬಾಬಾಸಾಹೇಬರು 1956ರಲ್ಲಿ, 65ಕ್ಕೇ ಹೋದ್ರು. ಅವರು ನಮ್ಮ ಸಲುವಾಗಿ ತಮ್ಮ ಮೈ ನೋಡಿಕೊಳ್ಳಲಿಲ್ಲ. ನಮಗ ಆ ನೆಪ ಇಲ್ಲ. ಅವರು ಕೊಟ್ಟ ಪುಸ್ತಕ ಹಿಡೀಲಿಕ್ಕೆ ಗಟ್ಟಿ ಕೈ ಬೇಕು.

ಸಂಘಕ್ಕೆ ನನ್ನ ಬೇಡಿಕೆ ಸಣ್ಣದು. ಒಂದು ತೂಕದ ಕಾಟಾ, ಒಂದು ಟೇಪು ಇಡ್ರಿ. ಸೊಂಟ ಗಂಡಸರಿಗೆ 90, ಹೆಣ್ಮಕ್ಕಳಿಗೆ 80 ಸೆಂಟಿಮೀಟರ್ ದಾಟಿದ್ರ ಎಚ್ಚರ ಆಗಬೇಕು. ಸಮಾಜ ಮಂದಿರದ ಅಂಗಳ ಮುಂಜಾನೆ ಒಂದು ತಾಸು ಹೆಣ್ಮಕ್ಕಳಿಗೆ ಬಿಟ್ಟುಕೊಡ್ರಿ. ಅಣ್ಣಂದಿರು ಗೇಟಿನ ಕೀಲಿ ತೆಗೆದುಕೊಟ್ರ ಸಾಕು, ಉಳಿದದ್ದು ನಾವು ಮಾಡ್ತೀವಿ.

ನಮ್ಮ ಹಿರಿಯರ ಬೆವರು ಬೇರೆಯವರ ಹೊಲಕ್ಕೆ ಹೋಯ್ತು. ಈಗ ಹರಿಸೋ ಬೆವರು ನಮ್ಮ ಮೈಗೇ ಬರ್ತದ. ನಾಳೆ ಮುಂಜಾನೆ ಐದೂವರೆಗೆ ನಾವು ಏಳು ಮಂದಿ ಮಂದಿರದ ಮುಂದ ನಿಂತಿರ್ತೀವಿ. ಎಂಟನೆಯವರು ನೀವಾಗ್ರಿ.

ಜೈ ಭೀಮ್.