ಸೂಜಿಯ ನೋವೂ ಕಾಡಿನ ಜ್ವರವೂ

ಲಸಿಕೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದು ರೂಢಿ. ಆದರೆ ಆ ಪ್ರಶ್ನೆ ಅಪೂರ್ಣ. ಯಾವ ರೋಗಕ್ಕೆ, ಯಾರಿಗೆ, ಎಲ್ಲಿ ವಾಸಿಸುವವರಿಗೆ ಎಂಬುದನ್ನು ಸೇರಿಸಿ ಕೇಳಿದಾಗಲೇ ಉತ್ತರ ದೊರೆಯುವುದು. ಇದಕ್ಕೆ ನಮ್ಮ ನಾಡಿನದೇ ಆದ ಮಂಗನ ಕಾಯಿಲೆ ಒಳ್ಳೆಯ ನಿದರ್ಶನ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ಜ್ವರವನ್ನು ಬಹುಕಾಲ ಮಲೆನಾಡಿನ ವ್ಯಾಧಿಯೆಂದೇ ಎಣಿಸಲಾಗಿತ್ತು. 2012ರ ಕೊನೆಯಲ್ಲಿ ಬಂಡೀಪುರದ ಕಾಡಿನಲ್ಲಿ ಮಂಗಗಳು ಸತ್ತವು. ಅವುಗಳ ಕಳೇಬರ ಮುಟ್ಟಿ ಕೆಲಸ ಮಾಡಿದವರಲ್ಲೂ ಜ್ವರ ಕಾಣಿಸಿತು. ಬಂಡೀಪುರದ ಅರಣ್ಯ ಹೆಗ್ಗಡದೇವನಕೋಟೆ ತಾಲ್ಲೂಕಿಗೂ ಚಾಚಿದೆ. ಅದಕ್ಕೆ ಹೊಂದಿಕೊಂಡ ನಾಗರಹೊಳೆಯ ಅಂಚು ಹುಣಸೂರು, ಪಿರಿಯಾಪಟ್ಟಣಗಳನ್ನು ಮುಟ್ಟುತ್ತದೆ. ಹೀಗಾಗಿ ಪ್ರಶ್ನೆ ನಮ್ಮದೂ ಹೌದು.

ಈ ರೋಗಕ್ಕೆ ಕರ್ನಾಟಕದಲ್ಲಿ ದಶಕಗಳ ಕಾಲ ಒಂದು ಲಸಿಕೆ ಬಳಕೆಯಲ್ಲಿತ್ತು. ತಿಂಗಳ ಅಂತರದಲ್ಲಿ ಎರಡು ಸೂಜಿ, ಆರರಿಂದ ಒಂಬತ್ತು ತಿಂಗಳಿಗೆ ಮತ್ತೊಂದು, ಆಮೇಲೆ ವರ್ಷಕ್ಕೊಂದು. ಚುಚ್ಚಿದೆಡೆ ಬಹಳ ನೋವು. 2005ರಿಂದ 2010ರವರೆಗಿನ ಅಂಕಿಗಳನ್ನು ಪರಿಶೀಲಿಸಿದಾಗ, ಎರಡು ಸೂಜಿಯಿಂದ ನೂರಕ್ಕೆ ಸುಮಾರು 62, ಬಲವರ್ಧಕವೂ ಸೇರಿದರೆ ಸುಮಾರು 83ರಷ್ಟು ರಕ್ಷಣೆ ಕಂಡುಬಂತು. ಅಂದರೆ, ಲಸಿಕೆಯಿಲ್ಲದೆ ನೂರು ಮಂದಿ ಮಲಗಬೇಕಾಗಿದ್ದಲ್ಲಿ, ಎರಡು ಸೂಜಿಯಿಂದ ಸುಮಾರು 38 ಮಂದಿ, ಬಲವರ್ಧಕದಿಂದ ಸುಮಾರು 17 ಮಂದಿ ಮಲಗುತ್ತಿದ್ದರು.

ಈಗ ತೂಗಿ ನೋಡೋಣ. ಜ್ವರ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಉಳಿದವರಲ್ಲಿ ಹಲವರಿಗೆ ವಾರಗಟ್ಟಲೆ ನಿಶ್ಶಕ್ತಿ. ಆದರೆ ಕೃಷ್ಣರಾಜನಗರದ ಗದ್ದೆಯಲ್ಲಿ ದುಡಿಯುವ, ಕಾಡಿನ ಮುಖ ಕಾಣದ ರೈತನಿಗೆ ಉಣ್ಣೆ ಕಚ್ಚಿ ಈ ಜ್ವರ ಬರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಆತನಿಗೆ ಸೂಜಿಯ ನೋವೇ ಅಧಿಕ. ಹೆಗ್ಗಡದೇವನಕೋಟೆಯ ಹಾಡಿಯಲ್ಲಿದ್ದು ಜೇನು, ಸೌದೆಗೆ ಕಾಡಿಗೆ ಹೋಗುವವನ ಲೆಕ್ಕ ಬೇರೆ. ಕಾಡಂಚಿನಲ್ಲಿ ಜ್ವರ ಕಾಣಿಸಿತೆಂದರೆ, ಡಿಸೆಂಬರಿನಿಂದ ಮೇ ತಿಂಗಳವರೆಗೆ ಆತನ ಪ್ರತಿ ಹೆಜ್ಜೆಯೂ ಉಣ್ಣೆಗಳ ನಡುವೆ. ತೋಳು ನೋಯ್ದರೆ ಒಂದು ದಿನದ ಕೂಲಿ ಹೋಗುತ್ತದೆಂದು ಆತ ಹಿಂಜರಿದರೆ ಅದನ್ನು ಅಜ್ಞಾನವೆನ್ನಲಾಗದು. ಅದೂ ತಕ್ಕಡಿಯಲ್ಲಿಡಬೇಕಾದ ತೂಕವೇ. ಆದರೆ ಜ್ವರ ಕಸಿಯುವ ಕೂಲಿ ಅದಕ್ಕಿಂತ ಎಷ್ಟೋ ಹೆಚ್ಚು. ಒಂದೇ ಸೂಜಿಗೆ ನಿಲ್ಲಿಸಿದವರದೇ ನಿಜವಾದ ನಷ್ಟ: ನೋವು ಉಂಡರು, ರಕ್ಷಣೆ ಪಡೆಯಲಿಲ್ಲ.

ಮಂಗನ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಆದುದರಿಂದ ಇಲ್ಲಿ ನಿರ್ಧಾರದ ಫಲ ಅವರವರದೇ. ದಡಾರದ ಮಾತು ಹಾಗಲ್ಲ. ಒಂಬತ್ತು ತಿಂಗಳು ತುಂಬದ, ಇನ್ನೂ ಲಸಿಕೆ ಪಡೆಯಲಾಗದ ನೆರೆಮನೆಯ ಕೂಸೂ ನಮ್ಮ ತಕ್ಕಡಿಯಲ್ಲಿ ಕುಳಿತಿರುತ್ತದೆ. ಕಾಲವೂ ತೂಕವನ್ನು ಬದಲಿಸುತ್ತದೆ. ಸಿಡುಬಿನ ಲಸಿಕೆಯಿಂದ ಅಪರೂಪಕ್ಕೆ ಗಂಭೀರ ತೊಂದರೆಗಳಿದ್ದವು. ರೋಗವಿದ್ದಾಗ ಅವು ಸಣ್ಣವು. 1980ರಲ್ಲಿ ಜಗತ್ತು ಸಿಡುಬಿನಿಂದ ಮುಕ್ತವೆಂದು ಘೋಷಿತವಾದ ಮೇಲೆ ಅವೇ ದೊಡ್ಡವಾದವು, ಲಸಿಕೆ ನಿಂತಿತು.

ಮಂಗನ ಕಾಯಿಲೆಯ ಹಳೆಯ ಲಸಿಕೆಯೂ ಸಾಕಷ್ಟು ರಕ್ಷಣೆ ನೀಡುತ್ತಿಲ್ಲವೆಂದು 2022ರಲ್ಲಿ ನಿಂತುಹೋಯಿತು. ಹೊಸದಕ್ಕೆ ಪ್ರಯತ್ನ ನಡೆದಿದೆ. ಅದು ಬರುವವರೆಗೆ ಕಾಡಂಚಿನವರಿಗೆ ಉಣ್ಣೆ ದೂರವಿಡುವ ತೈಲ, ಕಾಡಿನಿಂದ ಮರಳಿದೊಡನೆ ಬಿಸಿನೀರಿನ ಸ್ನಾನ, ಸತ್ತ ಮಂಗವನ್ನು ಮುಟ್ಟದೆ ಸುದ್ದಿ ಮುಟ್ಟಿಸುವ ಎಚ್ಚರ, ಇವೇ ಆಸರೆ. ಹೊಸ ಲಸಿಕೆ ಬಂದ ದಿನ ವೈದ್ಯರ ಮುಂದೆ ಕುಳಿತು ಕೇಳಬೇಕಾದದ್ದು ಇಷ್ಟು: ನನಗೆ ಈ ರೋಗ ತಗಲುವ ಸಂಭವವೆಷ್ಟು? ತಗಲಿದರೆ ಹಾನಿಯೆಷ್ಟು? ಲಸಿಕೆ ತಡೆಯುವುದೆಷ್ಟು, ತೊಂದರೆ ಕೊಡುವುದೆಷ್ಟು? ಉತ್ತರ ಹುಣಸೂರಿನ ಪೇಟೆಗೊಂದು, ಹಾಡಿಗೊಂದು ಬಂದರೆ ಆಶ್ಚರ್ಯವಿಲ್ಲ.